ಓವರ್‌ಕ್ಲಾಕ್ ಮಾಡೋ ಮುಂಚೆ: ಕಂಪ್ಯೂಟರ್ ನಿಮ್ಮದು, ಬೀಗ ಯಾರದ್ದು?

ಹಳೇ ಕಂಪ್ಯೂಟರ್ ನಿಧಾನವಾಯ್ತು, ಹೊಸದು ತಗೊಳ್ಳೋಕೆ ದುಡ್ಡಿಲ್ಲ. ಆಗ ಹೊಳೆಯುವ ಉಪಾಯಗಳಲ್ಲಿ ಓವರ್‌ಕ್ಲಾಕಿಂಗ್ ಕೂಡ ಒಂದು. ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಪ್ರೊಸೆಸರ್ ಓಡಿಸುವುದು, ಅಷ್ಟೇ. ವಿಡಿಯೊ ಎಡಿಟ್ ಮಾಡುವ, ಗೇಮ್ ಆಡುವ, ಕೋಡ್ ಬರೆಯುವ ಹುಡುಗ ಹುಡುಗಿಯರು ಇಲ್ಲಿ ಶಿವಮೊಗ್ಗದಲ್ಲೂ ಇದ್ದಾರೆ. ಆಲ್ಕೊಳದ ಸುತ್ತಮುತ್ತಲಿನ ಪರಿಚಯದವರು ನನ್ನನ್ನು ಕೇಳೋದು ಬಹುತೇಕ ಒಂದೇ ಪ್ರಶ್ನೆ: "ಎಷ್ಟು ಗಿಗಾಹರ್ಟ್ಜ್‌ವರೆಗೆ ಏರಿಸಬಹುದು?"

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನಿಮ್ಮ ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಎರಡೂ ಸೇರಿ ನಿಮಗೆ ಅದಕ್ಕೆ ಅವಕಾಶ ಕೊಡುತ್ತವಾ? ಇದಕ್ಕೆ ಉತ್ತರ ಸಿಗೋದು ಅರ್ಧ ಭೌತಶಾಸ್ತ್ರದಲ್ಲಿ, ಇನ್ನರ್ಧ ಮಾರುಕಟ್ಟೆಯ ರಾಜಕೀಯದಲ್ಲಿ.

ಸಾಕೆಟ್‌ನಲ್ಲಿ ಕೂತರೆ ಸಾಲದು

ಮೊದಲು ಸಾಕೆಟ್. ಪ್ರೊಸೆಸರ್ ಕೂರುವ ಜಾಗ ಅದು. ಇಂಟೆಲ್‌ನ 12, 13, 14ನೇ ತಲೆಮಾರಿಗೆ ಎಲ್‌ಜಿಎ 1700. 10 ಮತ್ತು 11ನೇ ತಲೆಮಾರಿಗೆ ಎಲ್‌ಜಿಎ 1200. ಎಎಂಡಿಯಲ್ಲಿ ರೈಜನ್ 1000ರಿಂದ 5000 ಸರಣಿಯವರೆಗೆ ಎಎಂ4, 2022ರ ರೈಜನ್ 7000ದಿಂದ ಎಎಂ5.

ಆದರೆ ಸಾಕೆಟ್ ಹೊಂದಿದ ಮಾತ್ರಕ್ಕೆ ಕೆಲಸ ಮಾಡುತ್ತೆ ಅಂತಲ್ಲ. 2015ರಲ್ಲಿ ಬಂದ ಇಂಟೆಲ್‌ನ 6ನೇ ತಲೆಮಾರು ಮತ್ತು 2017ರ 8ನೇ ತಲೆಮಾರು, ಎರಡಕ್ಕೂ 1151 ಪಿನ್‌ಗಳ ಸಾಕೆಟ್ಟೇ. ಹೊಸ ಪ್ರೊಸೆಸರ್ ಹಳೇ ಝಡ್170 ಬೋರ್ಡ್‌ನಲ್ಲಿ ನೀಟಾಗಿ ಕೂರುತ್ತದೆ, ಆದರೆ ಆನ್ ಆಗುವುದಿಲ್ಲ. ಹೊಸ ಚಿಪ್‌ಗೆ ವಿದ್ಯುತ್ ಪೂರೈಕೆ ಬೇರೆ ಥರ ಬೇಕು ಎಂದಿತು ಇಂಟೆಲ್. ಇತ್ತ ಹವ್ಯಾಸಿಗಳು ಬಯಾಸ್ ತಿದ್ದಿ ಅದೇ ಹಳೇ ಬೋರ್ಡ್‌ಗಳಲ್ಲಿ ಆ ಪ್ರೊಸೆಸರ್‌ಗಳನ್ನು ಓಡಿಸಿ ತೋರಿಸಿದರು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಬೆಂಗಳೂರಿನ ಎಸ್‌ಪಿ ರೋಡ್‌ನಿಂದಲೋ ಆನ್‌ಲೈನ್‌ನಿಂದಲೋ "ಐ7 ಕಂಪ್ಯೂಟರ್, ಅಗ್ಗದ ಬೆಲೆ" ಅಂತ ಬರುವ ಪೆಟ್ಟಿಗೆಯೊಳಗೆ ಎಚ್61 ಚಿಪ್‌ಸೆಟ್‌ನ ಬೋರ್ಡ್ ಇರಬಹುದು. ಅದು 2011ರ ತಂತ್ರಜ್ಞಾನ. 2 ಮತ್ತು 3ನೇ ತಲೆಮಾರಿನ ಪ್ರೊಸೆಸರ್‌ಗಳಿಗೆ ಮಾತ್ರ. ಐ7 ಅನ್ನೋದು ಬರೀ ಅಂತಸ್ತಿನ ಹೆಸರು. ಯಾವ ಕಾಲದ್ದು ಅಂತ ಹೇಳೋದು ಅದರ ಮುಂದಿನ ಸಂಖ್ಯೆ.

ಬೀಗ ಎಲ್ಲಿದೆ?

ಎರಡನೆಯದು ಚಿಪ್‌ಸೆಟ್. ಇಂಟೆಲ್‌ನಲ್ಲಿ ಎರಡು ಬೀಗಗಳಿವೆ, ಎರಡೂ ತೆಗೆದಿರಬೇಕು. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಕೆ' ಇರಬೇಕು, ಮದರ್‌ಬೋರ್ಡ್ ಚಿಪ್‌ಸೆಟ್ 'ಝಡ್' ಸರಣಿಯದ್ದಾಗಿರಬೇಕು. ಐ5-12400ಎಫ್ ಅನ್ನು ದುಬಾರಿ ಝಡ್690 ಬೋರ್ಡ್‌ಗೆ ಹಾಕಿದರೂ ಸಾಮಾನ್ಯ ದಾರಿಯಲ್ಲಿ ಅದರ ವೇಗ ಏರಿಸಲು ಬರೋದಿಲ್ಲ. ಐ5-12600ಕೆ ತಂದು ಬಿ660 ಬೋರ್ಡ್‌ಗೆ ಹಾಕಿದರೂ ಅದೇ ಕಥೆ. ಮೊದಲನೆಯದರಲ್ಲಿ ಬೋರ್ಡ್‌ಗೆ ಕೊಟ್ಟ ಹೆಚ್ಚಿನ ದುಡ್ಡು ದಂಡ, ಎರಡನೆಯದರಲ್ಲಿ ಪ್ರೊಸೆಸರ್‌ಗೆ ಕೊಟ್ಟದ್ದು.

ಎಎಂಡಿ ಸ್ವಲ್ಪ ಉದಾರಿ. ಡೆಸ್ಕ್‌ಟಾಪ್ ರೈಜನ್‌ಗಳು ಬಹುತೇಕ ಬೀಗವಿಲ್ಲದವು (5800ಎಕ್ಸ್3ಡಿ ಥರದ ಅಪವಾದಗಳಿವೆ). ಬಿ450, ಬಿ550, ಎಕ್ಸ್570 ಚಿಪ್‌ಸೆಟ್‌ಗಳಲ್ಲಿ ಓವರ್‌ಕ್ಲಾಕ್ ಸಾಧ್ಯ. ಅಗ್ಗದ ಎ320 ಮತ್ತು ಎ520ರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ.

ರ‍್ಯಾಮ್‌ಗೂ ಇಂಥದ್ದೇ ಮಿತಿಗಳಿವೆ. ಬಿ460 ಬೋರ್ಡ್ ಮತ್ತು ಐ5-10400 ಜೊತೆಗೆ 3200ರ ರ‍್ಯಾಮ್ ಹಾಕಿದರೆ ಅದು 2666ರಲ್ಲೇ ಓಡುತ್ತದೆ. ಮುಂದಿನ ಬಿ560ಯಲ್ಲಿ ಇಂಟೆಲ್ ಈ ಬೀಗ ತೆಗೆಯಿತು.

ಬಯಾಸ್ ಆವೃತ್ತಿ ನೋಡಿ

ಮೂರನೆಯದು ಬಯಾಸ್. ಮದರ್‌ಬೋರ್ಡ್‌ನ ಈ ಮೂಲ ತಂತ್ರಾಂಶಕ್ಕೆ ನಿಮ್ಮ ಪ್ರೊಸೆಸರ್‌ನ ಗುರುತು ಗೊತ್ತಿರಬೇಕು. ಹಳೇ ಬಿ450ಗೆ ರೈಜನ್ 5 5600 ಹಾಕುವ ಮೊದಲು ಬಯಾಸ್ ಅಪ್‌ಡೇಟ್ ಮಾಡಿರಬೇಕು, ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಇರುತ್ತೆ.

ವಿಂಡೋಸ್‌ನ 'ಸಿಸ್ಟಮ್ ಇನ್ಫರ್ಮೇಷನ್' ತೆರೆದರೆ ಬೋರ್ಡ್‌ನ ಮಾದರಿ, ಬಯಾಸ್ ಆವೃತ್ತಿ ಎರಡೂ ಸಿಗುತ್ತವೆ. 'ಸಿಪಿಯು-ಝಡ್' ಎಂಬ ಉಚಿತ ತಂತ್ರಾಂಶವೂ ಸಾಕು. ಆ ಮಾದರಿಯ ಹೆಸರಿನಲ್ಲಿ ತಯಾರಕರ ಜಾಲತಾಣದಲ್ಲಿ 'ಸಿಪಿಯು ಸಪೋರ್ಟ್ ಲಿಸ್ಟ್' ಹುಡುಕಿ. ಯಾವ ಪ್ರೊಸೆಸರ್‌ಗೆ ಯಾವ ಬಯಾಸ್ ಆವೃತ್ತಿಯಿಂದ ಬೆಂಬಲ ಅಂತ ಅಲ್ಲಿ ಬರೆದಿರುತ್ತದೆ. ಅಂಗಡಿಯವರ ಮಾತಿಗಿಂತ, ಯೂಟ್ಯೂಬ್ ವಿಡಿಯೊಗಿಂತ ಈ ಪಟ್ಟಿಯನ್ನು ನಂಬಿ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಹಾಳಾಗಬಹುದು. ಮಲೆನಾಡಿನ ಮಳೆಗಾಲದ ಕರೆಂಟ್ ಗೊತ್ತಲ್ಲ, ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಬಿಸಿಲು, ಬಿಸಿ ಮತ್ತು ಬಿಲ್ಲು

ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಪ್ರೊಸೆಸರ್‌ಗೆ ಬೇಕಾದ ಕಡಿಮೆ ವೋಲ್ಟೇಜ್‌ಗೆ ಕರೆಂಟನ್ನು ಇಳಿಸಿ ಕೊಡುವ ಭಾಗ ಮದರ್‌ಬೋರ್ಡ್‌ನಲ್ಲಿದೆ. ಅದೇ ವಿಆರ್‌ಎಂ. ಅಗ್ಗದ ಬೋರ್ಡ್‌ಗಳಲ್ಲಿ ಅದರ ಮೇಲೆ ಒಂದು ಹೀಟ್‌ಸಿಂಕ್ ಕೂಡ ಇರೋದಿಲ್ಲ. ಬೀಗ ತೆಗೆದಿದ್ದರೂ ಈ ಭಾಗ ದುರ್ಬಲವಾಗಿದ್ದರೆ ಬಿಸಿಯಾಗಿ ವೇಗ ತಾನೇ ಕುಸಿಯುತ್ತದೆ.

ಲೆಕ್ಕ ಹೀಗಿದೆ. ಪ್ರೊಸೆಸರ್ ಬಳಸುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜ್‌ನ ವರ್ಗದ ಜೊತೆ ಏರುತ್ತದೆ. ವೇಗ ಶೇ. 10, ವೋಲ್ಟೇಜ್ ಶೇ. 10 ಹೆಚ್ಚಿಸಿದಿರಿ ಅಂದುಕೊಳ್ಳಿ. ಬಳಕೆ ಸುಮಾರು ಶೇ. 33 ಹೆಚ್ಚಾಗುತ್ತದೆ. ಸಿಕ್ಕಿದ್ದು ಹತ್ತು, ಕೊಟ್ಟಿದ್ದು ಮೂವತ್ತಮೂರು. ಅಷ್ಟೂ ಕೊನೆಗೆ ಬಿಸಿಯಾಗಿ ಹೊರಬರುತ್ತದೆ. ಗಾಳಿಯಿಂದ ತಣಿಸುವ ಯಾವ ಕೂಲರ್ ಕೂಡ ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಏಪ್ರಿಲ್‌ನ ಶಿವಮೊಗ್ಗದಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ; ಎಸಿ ಕೋಣೆಯಲ್ಲಿ ಕೂತು ವಿಡಿಯೊ ಮಾಡಿದವರ ಸಂಖ್ಯೆಗಳು ನಮ್ಮ ಶೀಟಿನ ಮನೆಗೆ ಹೊಂದೋದಿಲ್ಲ.

ಇನ್ನು ಬಿಲ್ಲು. ದಿನಕ್ಕೆ ಆರು ಗಂಟೆ 100 ವ್ಯಾಟ್ ಹೆಚ್ಚುವರಿ ಉರಿದರೆ ತಿಂಗಳಿಗೆ 18 ಯೂನಿಟ್. 2023ರ ಜುಲೈನಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. 190ರ ಅಂಚಿನಲ್ಲಿರುವ ಮನೆಗೆ ಈ ಹದಿನೆಂಟು ಯೂನಿಟ್ ಸಣ್ಣದಲ್ಲ. ಮೆಸ್ಕಾಂ ಬಿಲ್ ಕೈಗೆ ಬಂದಾಗ ಅಪ್ಪ ಅಮ್ಮನಿಗೆ ಗಿಗಾಹರ್ಟ್ಜ್ ವಿವರಿಸಿ ನೋಡಿ!

ಬೀಗದ ರಾಜಕೀಯ

ಈಗ ದೊಡ್ಡ ಪ್ರಶ್ನೆಗೆ ಬರೋಣ. ನಾವೇ ದುಡ್ಡು ಕೊಟ್ಟು ತಂದ ಚಿಪ್‌ಗೆ ಬೀಗ ಯಾಕೆ?

1998ರಲ್ಲಿ ಇಂಟೆಲ್‌ನ ಅಗ್ಗದ ಸೆಲೆರಾನ್ 300ಎ ಬಂತು. 300 ಮೆಗಾಹರ್ಟ್ಜ್‌ನ ಅದನ್ನು ಜನ ಸಲೀಸಾಗಿ 450ರಲ್ಲಿ ಓಡಿಸಿದರು, ದುಬಾರಿ ಪೆಂಟಿಯಂಗೆ ಸರಿಸಾಟಿಯಾಗಿ. ಕಂಪನಿಗೆ ಇದು ನಷ್ಟ ತಾನೇ? 2010ರಲ್ಲಿ ಇದೇ ಇಂಟೆಲ್ ಇನ್ನೊಂದು ಪ್ರಯೋಗ ಮಾಡಿತು: ಪೆಂಟಿಯಂ ಜಿ6951 ಚಿಪ್‌ನೊಳಗೆ ಆಗಲೇ ಇದ್ದ ಸಾಮರ್ಥ್ಯವನ್ನು ತೆರೆಯಲು 50 ಡಾಲರ್‌ನ ಕಾರ್ಡ್ ಮಾರಿತು. ಟೀಕೆ ಬಂತು, 2011ರಲ್ಲಿ ಯೋಜನೆ ನಿಂತಿತು. 2015ರ ಕೊನೆಗೆ ಕೆಲವು ಬೋರ್ಡ್ ತಯಾರಕರು 'ಕೆ' ಇಲ್ಲದ ಪ್ರೊಸೆಸರ್‌ಗಳನ್ನೂ ಓವರ್‌ಕ್ಲಾಕ್ ಮಾಡುವ ದಾರಿ ಕಂಡುಕೊಂಡರು. 2016ರ ಆರಂಭದಲ್ಲಿ ಮೈಕ್ರೋಕೋಡ್ ಅಪ್‌ಡೇಟ್ ಮೂಲಕ ಆ ಬಾಗಿಲೂ ಮುಚ್ಚಿತು.

ಎಲ್ಲ ಮಿತಿಯೂ ಪಿತೂರಿಯಲ್ಲ, ಇದನ್ನೂ ಹೇಳಬೇಕು. ಹೆಚ್ಚು ವೋಲ್ಟೇಜ್ ನಿಜಕ್ಕೂ ಚಿಪ್ ಕೊಲ್ಲುತ್ತದೆ. 2023ರ ಏಪ್ರಿಲ್‌ನಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟವು. ಎಎಂಡಿ ಎಸ್‌ಒಸಿ ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸಿತು. 2024ರಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು ಅತಿ ವೋಲ್ಟೇಜ್‌ನಿಂದ ಅಸ್ಥಿರವಾದವು. ಅದು ಕಂಪನಿಯ ಮೈಕ್ರೋಕೋಡ್‌ನಲ್ಲೇ ಇದ್ದ ದೋಷ. ಆಗಸ್ಟ್‌ನಲ್ಲಿ ತಿದ್ದುಪಡಿ ಬಂತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದರು. ಆದರೆ ಆಗಲೇ ಹಾಳಾದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗೋದಿಲ್ಲ. ಆ ಸರಣಿಯ ಚಿಪ್ ನಿಮ್ಮದಾಗಿದ್ದರೆ ಓವರ್‌ಕ್ಲಾಕ್ ಮಾತು ಆಮೇಲೆ, ಮೊದಲು ಬಯಾಸ್ ಅಪ್‌ಡೇಟ್. ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಎರಡೂ ಕಂಪನಿಗಳ ವಾರಂಟಿ ಅನ್ವಯಿಸೋದಿಲ್ಲ ಅನ್ನೋದೂ ನೆನಪಿರಲಿ.

ಅಂದ್ರೆ ಕೆಲವು ಮಿತಿ ಸುರಕ್ಷತೆಗೆ, ಕೆಲವು ಲಾಭಕ್ಕೆ. ಯಾವುದು ಯಾವುದು ಅಂತ ಪ್ರತ್ಯೇಕಿಸುವ ಮಾಹಿತಿ ಬಳಕೆದಾರರ ಕೈಯಲ್ಲಿಲ್ಲ. ಸಮಸ್ಯೆ ಇರೋದು ಇಲ್ಲೇ. ಆದರೆ ಕೇಳಿದರೆ ಬದಲಾಗುತ್ತೆ ಅನ್ನೋದಕ್ಕೆ ಸಾಕ್ಷಿಯೂ ಇದೆ. 2020ರ ಮೇ ತಿಂಗಳಲ್ಲಿ ಎಎಂಡಿ, ಮುಂದಿನ ರೈಜನ್‌ಗಳು ಹಳೇ 400 ಸರಣಿಯ ಬೋರ್ಡ್‌ಗಳಲ್ಲಿ ಓಡುವುದಿಲ್ಲ ಎಂದಿತು. ಬಯಾಸ್ ಚಿಪ್‌ನಲ್ಲಿ ಜಾಗ ಸಾಲದು ಅನ್ನೋದು ಕಾರಣ. ಬಳಕೆದಾರರು ಜೋರಾಗಿ ಪ್ರತಿಭಟಿಸಿದರು. ಎರಡೇ ವಾರದಲ್ಲಿ ಕಂಪನಿ ನಿರ್ಧಾರ ಬದಲಿಸಿತು. 2022ರಲ್ಲಿ ಇನ್ನೂ ಹಳೆಯ 300 ಸರಣಿಗೂ ಬೆಂಬಲ ಬಂತು. ಎಷ್ಟೋ ಬೋರ್ಡ್‌ಗಳು ಇ-ತ್ಯಾಜ್ಯ ಆಗೋದು ತಪ್ಪಿತು.

ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು. ಪೋರ್ಟಲ್ ಒಂದು ಮಾಹಿತಿ ಫಲಕ ಅಷ್ಟೇ, ಹಕ್ಕು ಅನ್ನೋದಕ್ಕೆ ಕಾನೂನಿನ ಬಲ ಬೇಕು. ಒಂದು ಬೋರ್ಡ್‌ಗೆ ಎಷ್ಟು ವರ್ಷ ಬಯಾಸ್ ಅಪ್‌ಡೇಟ್ ಕೊಡುತ್ತೀರಿ, ಯಾವ ಸೌಲಭ್ಯಕ್ಕೆ ಬೀಗ ಹಾಕಿದ್ದೀರಿ, ಯಾಕೆ ಅಂತ ಪೆಟ್ಟಿಗೆಯ ಮೇಲೇ ಬರೆಯುವಂತೆ ಮಾಡುವುದು ಅತಿಯಾದ ಬೇಡಿಕೆಯೇನಲ್ಲ.

ಹಾಗಾದ್ರೆ ಏನು ಮಾಡೋದು?

ಮೊದಲು ಸಾಕೆಟ್, ಚಿಪ್‌ಸೆಟ್, ಬಯಾಸ್, ವಿಆರ್‌ಎಂ — ಈ ನಾಲ್ಕನ್ನು ಇದೇ ಕ್ರಮದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದಕ್ಕೆ 'ಇಲ್ಲ' ಅಂತ ಬಂದರೂ ಅಲ್ಲೇ ನಿಲ್ಲಿಸಿ. ನಾಲ್ಕೂ ಸರಿಯಿದ್ದರೆ ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಹಂತದಲ್ಲೂ ತಾಪಮಾನ ನೋಡಿ. ಬೀಗವಿದ್ದರೆ ಅದಕ್ಕಾಗಿ ಹೊಸ ಬೋರ್ಡ್ ಕೊಳ್ಳಲು ಹೋಗಬೇಡಿ. ಹಳೇ ಹಾರ್ಡ್ ಡಿಸ್ಕ್ ಬದಲು ಒಂದು ಎಸ್‌ಎಸ್‌ಡಿ, ಇನ್ನೊಂದು ರ‍್ಯಾಮ್ ಪಟ್ಟಿ, ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸೋದು, ಫ್ಯಾನಿನ ಧೂಳು ತೆಗೆಯೋದು. ದಿನನಿತ್ಯದ ಕೆಲಸಕ್ಕೆ ಇವು ಶೇ. 10ರ ಓವರ್‌ಕ್ಲಾಕ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ, ಗೃಹಜ್ಯೋತಿಯನ್ನೂ ಉಳಿಸುತ್ತವೆ.