ಮೂಗಿನ ಪೈಪು, ಯೂರಿನ್ ಬ್ಯಾಗು ಮತ್ತು ನಾವು ಓದಿದ ಫ್ಲೂಯಿಡ್ ಮೆಕ್ಯಾನಿಕ್ಸ್

ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ದಿನಾ ಓಡಾಡುವ ನಮಗೆ ಆಸ್ಪತ್ರೆಗಳು ಹೊಸದಲ್ಲ. 1973ರಲ್ಲಿ ಶುರುವಾದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ ಇದೇ ರಸ್ತೆಯಲ್ಲಿದೆ, ಫ್ಲೈಓವರಿನ ಆಸುಪಾಸಿನಲ್ಲಿ ದೊಡ್ಡ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ಆಂಬ್ಯುಲೆನ್ಸಿಗೆ ದಾರಿ ಬಿಟ್ಟು ನಾವೆಲ್ಲ ಪಕ್ಕಕ್ಕೆ ನಿಂತಿದ್ದೀವಿ. ಆದರೆ ಅದೇ ಪೇಷೆಂಟ್ ಹದಿನೈದು ದಿನದ ನಂತರ ಮನೆಗೆ ವಾಪಸ್ ಹೋಗೋದನ್ನ ಯಾರೂ ಗಮನಿಸಲ್ಲ. ಲಕ್ವ ಹೊಡೆದವರು, ಬೈಕಿಂದ ಬಿದ್ದು ತಲೆಗೆ ಪೆಟ್ಟಾದವರು, ಬಾಯಿ ಕ್ಯಾನ್ಸರಿಗೆ ಆಪರೇಷನ್ ಆದವರು ಎಷ್ಟೋ ಜನ ಮೂಗಲ್ಲಿ ಒಂದು ಪೈಪ್, ಮೂತ್ರಕ್ಕೆ ಇನ್ನೊಂದು ಪೈಪ್ ಇಟ್ಟುಕೊಂಡೇ ಮನೆ ಸೇರುತ್ತಾರೆ.

ಅಲ್ಲಿಂದ ಮುಂದೆ ನರ್ಸ್ ಯಾರು? ತಿಂಗಳಿಡೀ ಹೋಂ ನರ್ಸ್ ಇಡೋದು ಎಲ್ಲರ ಕೈಲಾಗುವ ಮಾತಲ್ಲ. ಅಮ್ಮ, ಅತ್ತೆ, ದೊಡ್ಡಮ್ಮ ಹಗಲು ನೋಡಿಕೊಳ್ತಾರೆ. ರಾತ್ರಿಗೆ "ಅವನು ಇಂಜಿನಿಯರಿಂಗ್ ಓದ್ತಿದಾನಲ್ಲ, ಪೈಪು ಗೀಪು ಅವನಿಗೆ ಗೊತ್ತಾಗತ್ತೆ ಬಿಡು" ಅಂತ ಸಿರಿಂಜ್ ನಮ್ಮ ಕೈಗೆ ಬರತ್ತೆ. ನಮ್ಮ ಸೆಕ್ಷನ್ನಿನಲ್ಲೇ ಈ ವರ್ಷ ಮೂವರ ಮನೆಯಲ್ಲಿ ಹೀಗಾಯ್ತು. ನಾವು ಸ್ನೇಹಿತರೆಲ್ಲ ಕೂತು ಓದಿ, ಗೊತ್ತಿರುವ ನರ್ಸ್ ಅಕ್ಕಂದಿರನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೀತಿದ್ದೀವಿ. ನಿಮ್ಮ ಪೇಷೆಂಟಿಗೆ ಅವರ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅದೇ ಸರಿ, ನಮ್ಮದಲ್ಲ.

ಮೊದಲು ಒಂದು ವಿಷಯ. ನಮ್ಮ ದೇಹದಲ್ಲೇ ಸೇಫ್ಟಿ ವಾಲ್ವ್‌ಗಳಿವೆ. ಊಟ ನುಂಗುವಾಗ ಶ್ವಾಸನಾಳದ ಬಾಗಿಲು ತಾನೇ ಮುಚ್ಚಿಕೊಳ್ಳತ್ತೆ, ತಪ್ಪಿ ಒಂದು ಅಗುಳು ಒಳಗೆ ಹೋದರೆ ಕೆಮ್ಮು ಬಂದು ಹೊರಗೆ ತಳ್ಳತ್ತೆ. ಮೂತ್ರ ಒಂದೇ ದಿಕ್ಕಿಗೆ ಹರಿದು, ಹೋಗುವಾಗ ದಾರಿಯನ್ನೂ ತೊಳೆದುಕೊಂಡು ಹೋಗತ್ತೆ. ಪೈಪ್ ಹಾಕಿದಾಗ ಈ ವಾಲ್ವ್‌ಗಳೆಲ್ಲ ಬೈಪಾಸ್ ಆಗುತ್ತವೆ. ಆ ಕೆಲಸ ಪೈಪಿನ ಪಕ್ಕ ನಿಂತವರ ಮೇಲೆ ಬೀಳತ್ತೆ. ಮುಂದೆ ಹೇಳುವ ನಿಯಮಗಳೆಲ್ಲ ಇದರಿಂದಲೇ ಹುಟ್ಟಿದ್ದು.

ಮೂಗಿನ ಪೈಪಿಗೆ ನಮ್ಮಲ್ಲಿ ಎಲ್ಲರೂ ರೈಲ್ಸ್ ಟ್ಯೂಬ್ ಅಂತಾರೆ. ರೈಲಿಗೂ ಅದಕ್ಕೂ ಸಂಬಂಧ ಇಲ್ಲ. ಜಾನ್ ರೈಲ್ ಎಂಬ ಬ್ರಿಟಿಷ್ ವೈದ್ಯರು 1921ರಲ್ಲಿ ಹೊಟ್ಟೆಯ ರಸವನ್ನು ಪರೀಕ್ಷೆಗೆ ಹೊರತೆಗೆಯಲು ಮಾಡಿದ ಟ್ಯೂಬ್ ಅದು. ಸುಮಾರು 105 ಸೆಂಟಿಮೀಟರ್ ಉದ್ದ, ಮೇಲೆ ಅಲ್ಲಲ್ಲಿ ಗುರುತು. ಮೂಗಿನಿಂದ ಗಂಟಲು, ಅನ್ನನಾಳ, ಆಮೇಲೆ ಹೊಟ್ಟೆ. ಸಮಸ್ಯೆ ಏನಂದ್ರೆ ಗಂಟಲಿನಲ್ಲಿ ದಾರಿ ಎರಡಾಗತ್ತೆ, ಒಂದು ಹೊಟ್ಟೆಗೆ, ಇನ್ನೊಂದು ಶ್ವಾಸಕೋಶಕ್ಕೆ. ಆಸ್ಪತ್ರೆಯಲ್ಲಿ ಸರಿಯಾಗಿಯೇ ಹಾಕಿರುತ್ತಾರೆ. ಮನೆಯಲ್ಲಿ ಪೇಷೆಂಟ್ ನಿದ್ದೆಗಣ್ಣಲ್ಲಿ ಎಳೆದುಕೊಂಡಾಗ, ಜೋರಾಗಿ ವಾಂತಿಯಾದಾಗ, ಪ್ಲಾಸ್ಟರ್ ಬಿಟ್ಟುಕೊಂಡಾಗ ಅದು ಜಾರತ್ತೆ. ಜಾರಿದ ಪೈಪಿಗೆ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೇ ಹೋಗಬಹುದು.

ಹಾಗಾಗಿ ಪ್ರತಿ ಸಲ ಫೀಡ್ ಕೊಡೋ ಮುಂಚೆ ಮೂಗಿನ ಹತ್ತಿರ ಪೈಪಿನ ಗುರುತು ಎಷ್ಟರಲ್ಲಿದೆ ನೋಡಬೇಕು. ಡಿಸ್ಚಾರ್ಜ್ ದಿನ ಇದ್ದ ಅಳತೆಯೇ ಇರಬೇಕು. ಬಾಯಿ ತೆಗೆಸಿ ಟಾರ್ಚ್ ಹಾಕಿ ನೋಡಿ, ಪೈಪ್ ಗಂಟಲಲ್ಲಿ ಸುರುಳಿ ಸುತ್ತಿಕೊಂಡಿರಬಹುದು. ಆಮೇಲೆ ಸಿರಿಂಜಿನಿಂದ ಮೆಲ್ಲಗೆ ಹಿಂದಕ್ಕೆ ಎಳೆದು ಹೊಟ್ಟೆಯ ರಸ ಬರತ್ತಾ ನೋಡೋದು. ಪಿಎಚ್ ಪೇಪರ್ ಕೊಟ್ಟಿದ್ದರೆ 5.5 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಸಾಮಾನ್ಯವಾಗಿ ಹೊಟ್ಟೆಯೇ. ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ತಗೊಳ್ಳುವವರಲ್ಲಿ ಆಮ್ಲ ಕಡಿಮೆ ಇರೋದರಿಂದ ಪೈಪ್ ಸರಿಯಾಗಿದ್ದರೂ ಪಿಎಚ್ ಹೆಚ್ಚು ಬರಬಹುದು. ಅನುಮಾನ ಬಂದರೆ ಎಕ್ಸ್‌ರೇ ಒಂದೇ ದಾರಿ.

ಇಲ್ಲಿ ಎರಡು ನಂಬಿಕೆಗಳನ್ನ ಬಿಡಬೇಕು. ಒಂದು, ಪೈಪಿಗೆ ಗಾಳಿ ಊದಿ ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟು 'ಬುಸ್' ಅಂತ ಸದ್ದು ಕೇಳೋದು. ಪೈಪ್ ಶ್ವಾಸಕೋಶದಲ್ಲಿದ್ದರೂ ಆ ಸದ್ದು ಹೊಟ್ಟೆ ಮೇಲೆ ಕೇಳಬಹುದು, ಹಾಗಾಗಿ ಅದನ್ನೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಎರಡು, "ಕೆಮ್ಮಲಿಲ್ಲವಲ್ಲ, ಸರಿಯಾಗೇ ಇದೆ" ಅನ್ನೋದು. ಲಕ್ವ ಆದವರಲ್ಲಿ ಎಷ್ಟೋ ಸಲ ಕೆಮ್ಮುವ ಪ್ರತಿಕ್ರಿಯೆಯೇ ಸತ್ತಿರತ್ತೆ. ಅಲಾರಂ ವೈರ್ ಕಟ್ಟಾಗಿರುವ ಮನೇಲಿ ಅಲಾರಂ ಹೊಡೀಲಿಲ್ಲ ಅಂತ ಸಮಾಧಾನ ಪಟ್ಟ ಹಾಗೆ. ಪೈಪ್ ಜಾರಿದ್ದರೆ ನೀವೇ ಒಳಗೆ ತಳ್ಳಬೇಡಿ. ಫೀಡ್ ನಿಲ್ಲಿಸಿ, ಆಸ್ಪತ್ರೆಗೆ ಫೋನ್ ಮಾಡಿ.

ಪೈಪ್ ಜಾಗದಲ್ಲೇ ಇದೆ ಎಂದಾದರೆ ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿ ಕೂರಿಸಿ, ಫೀಡ್ ಆದಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಇರಲಿ. ಮಲಗಿಸಿಬಿಟ್ಟರೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ವಾಪಸ್ ಬರತ್ತೆ. ಮಧ್ಯೆ ಕೆಮ್ಮು, ಏದುಸಿರು, ತುಟಿ ನೀಲಿಯಾಗೋದು ಏನೇ ಕಂಡರೂ ಆ ಕ್ಷಣ ನಿಲ್ಲಿಸಿ.

ಈಗ ನಮ್ಮ ಸಿಲಬಸ್ಸಿಗೆ ಬರೋಣ. ಪೈಪಲ್ಲಿ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತ ಅಂತ ಪಾಯ್ಸೂಯಿ ಸೂತ್ರ ಡೆರೈವ್ ಮಾಡಿ ಮಾರ್ಕ್ಸ್ ತಗೊಂಡಿದ್ದೀವಿ. ಆ ಪಾಯ್ಸೂಯಿ ಇಂಜಿನಿಯರ್ ಅಲ್ಲ, ಫ್ರಾನ್ಸಿನ ವೈದ್ಯ. ರಕ್ತ ಸಣ್ಣ ನಾಳಗಳಲ್ಲಿ ಹೇಗೆ ಹರಿಯತ್ತೆ ಅಂತ ತಿಳಿಯೋಕೆ ಹೊರಟು ಆ ಸೂತ್ರಕ್ಕೆ ಬಂದವರು. ಮೂಗಿನ ಪೈಪಿಗೆ ಹಚ್ಚಿ ನೋಡಿ: ಒಳಗೋಡೆಗೆ ಗಂಜಿ ಅಂಟಿ ತ್ರಿಜ್ಯ ಬರೀ 10 ಶೇಕಡಾ ಕಡಿಮೆಯಾದರೂ ಹರಿವು ಮೂರನೇ ಒಂದು ಭಾಗ ಕಡಿಮೆ. ಅರ್ಧ ಮುಚ್ಚಿ ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೇ ಒಂದು ಭಾಗ. ಹೆಬ್ಬಾಳ ಫ್ಲೈಓವರ್ ಹತ್ತಿರ ಒಂದು ಲೇನ್ ಮುಚ್ಚಿದ ಬೆಳಿಗ್ಗೆ ನೆನಪಿಸಿಕೊಳ್ಳಿ. ರಾಗಿ ಗಂಜಿ ನ್ಯೂಟೋನಿಯನ್ ಅಲ್ಲ, ಈ ಸೂತ್ರ ಹೇಗೆ ಹಾಕ್ತೀರಿ ಅಂತ ಕೇಳುವವರು ಇದ್ದೇ ಇರ್ತೀರಿ. ನಿಜ, ಅಲ್ಲ. ಅದು ಆರುತ್ತಾ ಆರುತ್ತಾ ಗಟ್ಟಿಯಾಗತ್ತೆ, ಅಂದರೆ ಪರಿಸ್ಥಿತಿ ಸೂತ್ರಕ್ಕಿಂತ ಇನ್ನೂ ಕೆಟ್ಟದಾಗಿರತ್ತೆ.

ಅದಕ್ಕೇ ಗಂಜಿ, ಬೇಳೆಕಟ್ಟು ಯಾವುದಾದರೂ ತೆಳ್ಳಗೆ ಮಾಡಿ, ತೆಳು ಬಟ್ಟೆಯಲ್ಲೋ ಸಣ್ಣ ಜರಡಿಯಲ್ಲೋ ಸೋಸಿ, ಉಗುರು ಬೆಚ್ಚಗೆ ಕೊಡೋದು. ಫೀಡಿಗೆ ಮುಂಚೆ ಸುಮಾರು 30 ಎಂಎಲ್ ನೀರು, ಆದಮೇಲೆ ಅಷ್ಟೇ ನೀರು. ಹಾರ್ಟ್, ಕಿಡ್ನಿ ತೊಂದರೆ ಇದ್ದು ನೀರು ಕಟ್ಟುನಿಟ್ಟು ಮಾಡಿದ್ದರೆ ಡಾಕ್ಟರನ್ನ ಕೇಳಿ ಅಳತೆ ಇಟ್ಟುಕೊಳ್ಳಿ. ಮಾಡಿದ ಗಂಜಿಯನ್ನು ಎರಡು ಗಂಟೆಗಿಂತ ಹೊರಗಿಡಬೇಡಿ.

ಸಿರಿಂಜಿನ ವಿಷಯ ನಮಗೆ ತುಂಬಾ ಇಷ್ಟವಾಯ್ತು. 50 ಎಂಎಲ್ ಸಿರಿಂಜಿನ ಪ್ಲಂಜರ್ ತೆಗೆದು, ಬ್ಯಾರೆಲನ್ನು ಪೈಪಿಗೆ ಸಿಕ್ಕಿಸಿ, ಒಂದು ಅಡಿ ಎತ್ತರಕ್ಕೆ ಹಿಡಿದು ಗಂಜಿ ಸುರಿದರೆ ಸಿಗುವ ಒತ್ತಡ ಸುಮಾರು 3 ಕಿಲೋಪ್ಯಾಸ್ಕಲ್. ಅದು ತಾನಾಗೇ ಇಳಿಯತ್ತೆ, 200 ಎಂಎಲ್ಲಿಗೆ ಹದಿನೈದು ಇಪ್ಪತ್ತು ನಿಮಿಷ. ಬೇಸರವಾಗಿ ಪ್ಲಂಜರ್ ಹಾಕಿ ಹೆಬ್ಬೆರಳಲ್ಲಿ ಎರಡು ಕೆ.ಜಿ. ಭಾರದಷ್ಟು ಒತ್ತಿದರೆ? ನಾವು ವರ್ನಿಯರ್ ಹಿಡಿದು ಅಳೆದಾಗ 50 ಎಂಎಲ್ ಸಿರಿಂಜಿನ ಒಳವ್ಯಾಸ ಸುಮಾರು 29 ಮಿಲಿಮೀಟರ್, 5 ಎಂಎಲ್ಲಿನದು 12. ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಸುಮಾರು 30 ಕಿಲೋಪ್ಯಾಸ್ಕಲ್, ಎರಡನೆಯದರಲ್ಲಿ ಸುಮಾರು 175. ಪೈಪ್ ಕಟ್ಟಿಕೊಂಡಾಗ ಮನೆಯಲ್ಲಿ ಎಲ್ಲರೂ ಮಾಡೋದು ಏನು? "ಚಿಕ್ಕ ಸಿರಿಂಜ್ ತಗೋ, ಸುಲಭವಾಗಿ ಹೋಗತ್ತೆ." ಸುಲಭ ಅನ್ಸೋದಕ್ಕೆ ಕಾರಣವೇ ಆರು ಪಟ್ಟು ಒತ್ತಡ. ಪೈಪ್ ಸೀಳಬಹುದು. ಕಟ್ಟಿಕೊಂಡರೆ ದೊಡ್ಡ ಸಿರಿಂಜಲ್ಲಿ ಬೆಚ್ಚಗಿನ ನೀರು ತುಂಬಿ, ಮೆಲ್ಲಗೆ ಒತ್ತಿ, ಮೆಲ್ಲಗೆ ಎಳೆದು, ಹೀಗೆ ಕೆಲವು ಸಲ ಮಾಡಿ. ತಂತಿ ಹಾಕೋದು ಬೇಡವೇ ಬೇಡ. ಕೋಲಾ ಹಾಕಿದರೆ ಕರಗತ್ತೆ ಅಂತಾರೆ, ಅದರ ಆಮ್ಲಕ್ಕೆ ಹಾಲಿನಂಶ ಒಡೆದು ಇನ್ನಷ್ಟು ಗಟ್ಟಿಯಾಗತ್ತೆ.

ಮಾತ್ರೆ ಪುಡಿ ಮಾಡಿ ಹಾಕುವಾಗ ಎಲ್ಲವನ್ನೂ ಒಟ್ಟಿಗೆ ಕಲಸಬೇಡಿ. ಒಂದೊಂದನ್ನೇ ನೀರಲ್ಲಿ ಕರಗಿಸಿ, ನಡುವೆ ನೀರು ಬಿಟ್ಟು ಕೊಡಬೇಕು. ಸ್ಟ್ರಿಪ್ ಮೇಲೆ ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್ ಅಂತಿದ್ದರೆ ಪುಡಿ ಮಾಡುವಂತಿಲ್ಲ. ಅದು ಹನ್ನೆರಡು, ಇಪ್ಪತ್ನಾಲ್ಕು ಗಂಟೆ ನಿಧಾನಕ್ಕೆ ಬಿಡುಗಡೆಯಾಗುವ ಔಷಧಿ, ಪುಡಿ ಮಾಡಿದರೆ ಅಷ್ಟೂ ಒಂದೇ ಸಲ ಒಳಗೆ. ಗ್ಯಾಸ್ ಮಾತ್ರೆಗಳ ಮೇಲಿನ ಕೋಟಿಂಗ್ ಕೂಡ ಹಾಗೇ, ಹೊಟ್ಟೆಯ ಆಮ್ಲದಿಂದ ಔಷಧಿಯನ್ನು ಉಳಿಸೋಕೆ ಇರೋದು. ಬದಲಿಗೆ ಸಿರಪ್ ಇದೆಯಾ ಅಂತ ಡಾಕ್ಟರನ್ನೇ ಕೇಳಿ. ಬಾಯಲ್ಲಿ ಏನೂ ತಿನ್ನದಿದ್ದರೂ ದಿನಕ್ಕೆರಡು ಸಲ ಬಾಯಿ ಕ್ಲೀನ್ ಮಾಡಬೇಕು. ಆ ಜೊಲ್ಲು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯ ಆಗಬಹುದು.

ಮೂತ್ರದ ಪೈಪಿಗೆ ಫೋಲಿ ಕ್ಯಾಥೆಟರ್ ಅಂತ ಹೆಸರು. ಅಮೆರಿಕದ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ್ದು. ತುದಿಯಲ್ಲಿ ಪುಟ್ಟ ಬಲೂನ್. ಮೂತ್ರಕೋಶ ಸೇರಿದ ಮೇಲೆ ಅದಕ್ಕೆ ಸ್ಟೆರೈಲ್ ನೀರು ತುಂಬುತ್ತಾರೆ, ಪೈಪ್ ಜಾರದೆ ನಿಲ್ಲತ್ತೆ. ಬಲೂನ್ ಉಬ್ಬಿರುವಾಗ ಎಳೆದರೆ ಮೂತ್ರನಾಳ ಹರಿಯತ್ತೆ, ರಕ್ತ ಬರತ್ತೆ. ಮಗ್ಗುಲು ಬದಲಿಸುವಾಗ ಬ್ಯಾಗ್ ಮಂಚಕ್ಕೆ ಸಿಕ್ಕಿಕೊಂಡಿದೆಯಾ ಅಂತ ನೋಡಿಯೇ ತಿರುಗಿಸಿ. ಪೈಪನ್ನು ತೊಡೆಗೆ ಪ್ಲಾಸ್ಟರ್ ಹಾಕಿ ಸ್ವಲ್ಪ ಸಡಿಲ ಬಿಟ್ಟಿರಬೇಕು.

ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ಬ್ಯಾಗಿನಲ್ಲಿದ್ದ ಹಳೇ ಮೂತ್ರ ಬ್ಯಾಕ್ಟೀರಿಯ ಸಮೇತ ವಾಪಸ್ ಹರಿಯತ್ತೆ. ಮಂಚದಲ್ಲಿರುವಾಗ ಎಲ್ಲರೂ ಸರಿಯಾಗೇ ಇಡ್ತಾರೆ. ತಪ್ಪಾಗೋದು ಸಾಗಿಸುವಾಗ. ಚೆಕಪ್ಪಿಗೆ ಕ್ಯಾಬಲ್ಲಿ ಕೂರಿಸಿ, ಬ್ಯಾಗನ್ನು ತಾತನ ತೊಡೆ ಮೇಲಿಟ್ಟು, ಸರ್ವಿಸ್ ರೋಡಿನ ಟ್ರಾಫಿಕ್ಕಲ್ಲಿ ಮುಕ್ಕಾಲು ಗಂಟೆ! ಹೊರಡುವ ಮುಂಚೆ ಬ್ಯಾಗ್ ಖಾಲಿ ಮಾಡಿ, ಸೀಟಿನಿಂದ ಕೆಳಗೆ ತೂಗುಹಾಕಿ, ನೆಲಕ್ಕೆ ತಾಗದಿರಲಿ. ಮೂರನೇ ಎರಡು ಭಾಗ ತುಂಬುವಷ್ಟರಲ್ಲೇ ಖಾಲಿ ಮಾಡಬೇಕು, ಮುಂಚೆಯೂ ಆಮೇಲೂ ಸೋಪಲ್ಲಿ ಕೈ ತೊಳೆದು, ಕೆಳಗಿನ ನಲ್ಲಿ ಪಾತ್ರೆಗೆ ತಾಗದ ಹಾಗೆ. ಕ್ಯಾಥೆಟರಿನಿಂದ ಬ್ಯಾಗಿನ ಪೈಪನ್ನ ಸುಮ್ಮಸುಮ್ಮನೆ ಬಿಚ್ಚಬೇಡಿ, ಅದೊಂದು ಕ್ಲೋಸ್ಡ್ ಸಿಸ್ಟಮ್. ಹೊರಗಿನ ಚರ್ಮಕ್ಕೆ ಸೋಪು ನೀರು ಸಾಕು, ಪೌಡರ್, ಡೆಟಾಲ್ ಬೇಡ.

ಇಷ್ಟೆಲ್ಲ ಮಾಡಿದರೂ ಕ್ಯಾಥೆಟರ್ ಇದ್ದಷ್ಟು ದಿನ, ದಿನಕ್ಕೆ 3ರಿಂದ 7 ಶೇಕಡಾದಷ್ಟು ಮೂತ್ರದ ಸೋಂಕಿನ ಅಪಾಯ ಸೇರುತ್ತಾ ಹೋಗತ್ತೆ. ಪೈಪಿನ ಮೇಲೆ ಬ್ಯಾಕ್ಟೀರಿಯಗಳು ಬಯೋಫಿಲ್ಮ್ ಎಂಬ ಲೋಳೆ ಪದರ ಕಟ್ಟಿಕೊಳ್ಳುತ್ತವೆ, ಆ್ಯಂಟಿಬಯೋಟಿಕ್ ಅದರೊಳಗೆ ಸರಿಯಾಗಿ ಇಳಿಯಲ್ಲ. ಅದಕ್ಕೇ ಪ್ರತಿ ಚೆಕಪ್ಪಿನಲ್ಲಿ "ಇದು ಇನ್ನೂ ಬೇಕಾ ಡಾಕ್ಟ್ರೇ?" ಅಂತ ಕೇಳಬೇಕು. ಸಂಕೋಚ ಬೇಡ, ಡಾಕ್ಟರಿಗೂ ಬೇಕಾದ ಪ್ರಶ್ನೆ ಅದು. ನಾಲ್ಕೈದು ಗಂಟೆ ಮೂತ್ರ ಬರದೆ ಕಿಬ್ಬೊಟ್ಟೆ ಉಬ್ಬಿದ್ದರೆ ಮೊದಲು ಪೈಪ್ ಎಲ್ಲಾದರೂ ಮಡಚಿದೆಯಾ, ಮೈ ಕೆಳಗೆ ಸಿಕ್ಕಿದೆಯಾ ನೋಡಿ. ಅದಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆ. ಚಳಿಜ್ವರ, ರಕ್ತ, ಇದ್ದಕ್ಕಿದ್ದಂತೆ ತಬ್ಬಿಬ್ಬಾಗಿ ಮಾತಾಡೋದು ಕಂಡರೂ ಅಷ್ಟೇ. ಬೆನ್ನುಹುರಿಗೆ ಎದೆಮಟ್ಟದಲ್ಲೋ ಅದರ ಮೇಲೋ ಪೆಟ್ಟಾದವರಲ್ಲಿ ಪೈಪ್ ಕಟ್ಟಿಕೊಂಡರೆ ಬಿಪಿ ಒಮ್ಮೆಲೇ ಏರಬಹುದು. ತಲೆ ಸಿಡಿಯೋದು, ಮುಖ ಕೆಂಪಾಗಿ ಬೆವರೋದು ಅದರ ಲಕ್ಷಣ. ಕೂರಿಸಿ, ಮಡಿಕೆ ಬಿಡಿಸಿ, ಆಂಬ್ಯುಲೆನ್ಸ್ ಕರೆಯಿರಿ.

ಡಿಸೈನ್ ಓದುವವರಿಗೆ ಇನ್ನೊಂದು. ಸಿರಿಂಜಿನ ಮೂತಿ ಲೂಯರ್ ಎಂಬ 6 ಶೇಕಡಾ ಟೇಪರಿನ ಜೋಡಣೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನಿಂದ ಬಂದದ್ದು. ಎಲ್ಲಕ್ಕೂ ಕೂರತ್ತೆ ಅನ್ನೋದೇ ಅದರ ಗುಣ, ಅದೇ ಅದರ ದೋಷ. ಡ್ರಿಪ್ ಸೂಜಿಗೆ ಕೂರುವ ಸಿರಿಂಜೇ ಫೋಲಿಯ ಬಲೂನ್ ವಾಲ್ವಿಗೂ ಕೂರತ್ತೆ. ಹೊಟ್ಟೆಗೆ ಹೋಗಬೇಕಾದ ಹಾಲು ರಕ್ತನಾಳಕ್ಕೆ ಹೋದ ಪ್ರಕರಣ 1972ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ನರ್ಸುಗಳಿಗೆ "ಹುಷಾರಾಗಿರಿ" ಅಂತ ಎಷ್ಟು ಹೇಳಿದರೂ ಇದು ನಿಲ್ಲಲಿಲ್ಲ. ಕೊನೆಗೆ ಐಎಸ್ಓ 80369 ಎಂಬ ಮಾನದಂಡದಡಿ ಫೀಡಿಂಗ್ ಪೈಪಿಗೆ ಬೇರೆಯೇ ಆಕಾರದ, ಡ್ರಿಪ್ಪಿಗೆ ಕೂರದ ಜೋಡಣೆ ಮಾಡಿದರು; ಫೀಡಿಂಗಿನ ಭಾಗ 2016ರಲ್ಲಿ ಪ್ರಕಟವಾಯ್ತು. ಯುಎಸ್‌ಬಿ ಕೇಬಲ್ ಎಚ್‌ಡಿಎಂಐ ಪೋರ್ಟಿಗೆ ಹೋಗದ ಹಾಗೆ. ಆದರೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ಹಳೇ ಥರದ್ದೂ ಧಾರಾಳವಾಗಿ ಸಿಗತ್ತೆ. ಮನೆಯಲ್ಲಿ ಒಬ್ಬರಿಗೇ ಎರಡು ಮೂರು ಪೈಪ್ ಇದ್ದರೆ ಪ್ರತಿ ಪೈಪಿನ ತುದಿಗೆ ಪ್ಲಾಸ್ಟರ್ ಸುತ್ತಿ ಪೆನ್ನಲ್ಲಿ 'ಊಟ', 'ಮೂತ್ರ' ಅಂತ ಬರೆಯಿರಿ. ಫೀಡ್ ಕೊಡುವ ಮುಂಚೆ ಕೈಯಿಂದ ಪೈಪನ್ನು ಮೂಗಿನವರೆಗೂ ಸವರಿಕೊಂಡು ಹೋಗಿ, ಇದು ಅದೇನಾ ಅಂತ ನೋಡಿ.

ಇದನ್ನೆಲ್ಲ ಡಿಸ್ಚಾರ್ಜ್ ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸಿದರೆ ಯಾರಿಗೂ ತಲೆಗೆ ಹೋಗಲ್ಲ. ಎರಡು ದಿನ ಮುಂಚೆಯೇ ನರ್ಸ್ ಎದುರಿಗೆ ನೀವೇ ಒಂದು ಫೀಡ್ ಕೊಟ್ಟು, ಒಮ್ಮೆ ಬ್ಯಾಗ್ ಖಾಲಿ ಮಾಡಿ ತೋರಿಸಿ. 2012ರಲ್ಲಿ ಸ್ಟ್ಯಾನ್‌ಫರ್ಡಿನ ಒಂದು ಡಿಸೈನ್ ಕೋರ್ಸಿನ ವಿದ್ಯಾರ್ಥಿಗಳು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಕಾರಿಡಾರಲ್ಲಿ ಸುಮ್ಮನೆ ಕಾಯುತ್ತಾ ಕೂತ ಮನೆಯವರು. ಅವರಿಗೇ ಆರೈಕೆ ಕಲಿಸಿದರೆ ಹೇಗೆ ಅನ್ನೋದರಿಂದ ನೂರಾ ಹೆಲ್ತ್ ಎಂಬ ಸಂಸ್ಥೆ ಹುಟ್ಟಿತು. ಪ್ರಾಜೆಕ್ಟ್ ಟಾಪಿಕ್ ಹುಡುಕ್ತಿರೋರು ಗಮನಿಸಿ. ಬ್ಯಾಪ್ಟಿಸ್ಟ್ ಆಸ್ಪತ್ರೆಯ ಪ್ಯಾಲಿಯೇಟಿವ್ ವಿಭಾಗ ಮತ್ತು ಮಾರತ್ತಹಳ್ಳಿ ಹತ್ತಿರದ ಕರುಣಾಶ್ರಯ, ಎರಡೂ ಕಡೆಯವರು ಮನೆಗೆ ಹೋಗಿ ರೋಗಿಗಳನ್ನ ನೋಡುವ ಕೆಲಸ ಮಾಡುತ್ತಾ ಬಂದಿದ್ದಾರೆ. ಕರುಣಾಶ್ರಯ ಕ್ಯಾನ್ಸರ್ ರೋಗಿಗಳಿಗಾಗಿ ಶುರುವಾದದ್ದು.

ಮಂಚದ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ. ಮೂಗಿನ ಹತ್ತಿರ ಪೈಪಿನ ಗುರುತು ಎಷ್ಟು ಸೆಂಟಿಮೀಟರ್, ಎರಡೂ ಪೈಪ್ ಹಾಕಿದ ತಾರೀಕು, ಬದಲಿಸಬೇಕಾದ ತಾರೀಕು, ರಾತ್ರಿ ಫೋನ್ ಎತ್ತುವ ವಾರ್ಡಿನ ನಂಬರ್. ಕ್ಯಾಥೆಟರಿನ ಸೈಜನ್ನೂ ಬರೆಯಿರಿ. ಫ್ರೆಂಚ್ ಅಳತೆಯ 3 ಅಂದರೆ 1 ಮಿಲಿಮೀಟರ್ ಹೊರವ್ಯಾಸ, ಹಾಗಾಗಿ 16 ಅಂದರೆ ಐದೂ ಕಾಲು ಮಿಲಿಮೀಟರಿಗಿಂತ ಚೂರು ಹೆಚ್ಚು. ಬಲೂನಿಗೆ ಎಷ್ಟು ಎಂಎಲ್ ಹಿಡಿಯತ್ತೆ ಅನ್ನೋದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಲ್ಲದಿದ್ದರೆ ಬಲೂನ್ ವಾಲ್ವಿನ ಹತ್ತಿರವೇ ಅಚ್ಚಾಗಿರತ್ತೆ. ಬಳಸ್ತಾ ಬಳಸ್ತಾ ಅಳಿಸಿಹೋಗುವ ಮುಂಚೆ ಅದರದೊಂದು ಫೋಟೊ ತೆಗೆದಿಟ್ಟುಕೊಳ್ಳಿ.