ಬಣ್ಣ, ತಾಮ್ರ, ರೇಷ್ಮೆ

ಚಿತ್ರಕಲೆಯ ಮಾತು ಬಂದಾಗಲೆಲ್ಲ ‘ಮಿಶ್ರಮಾಧ್ಯಮ’ ಎಂಬ ಶಬ್ದ ಈಗ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ಶಬ್ದ ಹೊಸದಾದರೂ ಅದು ಸೂಚಿಸುವ ಸಂಗತಿ ಹಳೆಯದು. ಬಣ್ಣದೊಡನೆ ಬಟ್ಟೆ, ಲೋಹ, ಕಟ್ಟಿಗೆ, ನೂಲು, ಮಣ್ಣು ಮೊದಲಾದವನ್ನು ಕೂಡಿಸಿ ಒಂದು ಕೃತಿಯನ್ನು ರಚಿಸುವುದು ಅದರ ನೇರವಾದ ಅರ್ಥ. ತನ್ನ ಮನಸ್ಸನ್ನು ಹಿಡಿದ ಒಂದೇ ವಸ್ತುವನ್ನು ಕಲಾವಿದನೊಬ್ಬ ಬೇರೆ ಬೇರೆ ಸಾಮಗ್ರಿಗಳಲ್ಲಿ ಅರಸುತ್ತ ಹೋಗುವುದನ್ನೂ ಸ್ವಲ್ಪ ಸಡಿಲವಾಗಿ ಆ ಹೆಸರಿನಿಂದಲೇ ಕರೆಯಬಹುದು. ಈ ಎರಡನ್ನೂ ಗಮನದಲ್ಲಿಟ್ಟುಕೊಂಡು ಎಸ್. ಜಿ. ವಾಸುದೇವ್ ಅವರ ಕಲಾಜೀವನವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಚಿಕ್ಕೋಡಿ ಸೀಮೆಯ ಕಬ್ಬೂರದವನು. ಚಿತ್ರಪ್ರದರ್ಶನಗಳು ನಮ್ಮ ಊರಿಗೆ ದೂರ; ಕೌದಿ ಹೊಲಿಯುವ ಕೈಗಳು ಹತ್ತಿರ. ಹಳೆಯದಾದ ಇಳಕಲ್ಲ ಸೀರೆ, ಮಾಸಿದ ಧೋತರ, ಕುಪ್ಪಸದ ತುಂಡು, ಕೂಸಿನ ಕುಂಚಿಗೆ ಇವೆಲ್ಲ ಒಂದರ ಮೇಲೊಂದು ಕುಳಿತು, ಸಾಲುಸಾಲಾದ ದಾರದ ಹೊಲಿಗೆಯಿಂದ ಒಂದಾಗಿ, ಚಳಿಗಾಲದ ಹೊದಿಕೆಯಾಗುತ್ತವೆ. ಕೆಂಪಿನ ಮಗ್ಗುಲಿಗೆ ಯಾವ ಬಣ್ಣ ಬರಬೇಕು, ನಟ್ಟನಡುವೆ ಯಾವ ತುಂಡು ಕೂಡ್ರಬೇಕು ಎಂಬುದನ್ನು ಹೊಲಿಯುವ ಹೆಣ್ಣುಮಗಳು ಬಲ್ಲಳು. ಅದನ್ನು ಅವಳಿಗೆ ಯಾವ ಪಾಠಶಾಲೆಯೂ ಕಲಿಸಿಲ್ಲ. ಬೇಸಿಗೆಯಲ್ಲಿ ಬೂದಿಬಣ್ಣಕ್ಕೆ ತಿರುಗಿದ ಎರೆಭೂಮಿ ಮೊದಲ ಮಳೆಗೆ ಕಪ್ಪಾಗುವುದನ್ನೂ, ಎಳೆಯ ಜೋಳದ ಹಸಿರಿಗೂ ಕಬ್ಬಿನ ಗರಿಯ ಹಸಿರಿಗೂ ಇರುವ ಅಂತರವನ್ನೂ, ಸೂಲಂಗಿ ಬಿಟ್ಟ ಕಬ್ಬಿನ ಹೊಲದ ಮೇಲೆ ಸಂಜೆ ತೇಲುವ ಬೆಳ್ಳಿಯ ಛಾಯೆಯನ್ನೂ ವರ್ಷವರ್ಷವೂ ಕಂಡ ಕಣ್ಣು ಅದು.

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರ ಕೆಲಸವನ್ನು ನೋಡಿದವರಿಗೂ ಈ ಮಾತು ಮನದಟ್ಟಾದೀತು. ಹಗುರವಾದ ಕಟ್ಟಿಗೆಯನ್ನು ಅವರು ಕೆತ್ತುತ್ತಾರೆ. ಸೆಣಬಿನ ಚಿಂದಿಯ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ‘ಕಿಟ್ಟ’ವನ್ನು ಮಾಡಿಕೊಳ್ಳುತ್ತಾರೆ. ಆಭರಣಗಳ ಉಬ್ಬುಗೆಲಸಕ್ಕೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಹದಗೊಳಿಸುತ್ತಾರೆ. ಬಣ್ಣ ಬರುವುದು ಇಷ್ಟೆಲ್ಲ ಆದ ಮೇಲೆ. ಮಿಶ್ರಮಾಧ್ಯಮಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಬೇಕೇ?

ಆದರೂ ಕೌದಿಯನ್ನೂ ಗೊಂಬೆಯನ್ನೂ ನಾವು ‘ಕಸಬು’ ಎಂದು ಒಂದು ಮಗ್ಗುಲಿಗೆ ಸರಿಸಿದ್ದೇವೆ. ಚೌಕಟ್ಟಿನೊಳಗಿನ ಚಿತ್ರವನ್ನು ‘ಕಲೆ’ ಎಂದು ಗೋಡೆಗೆ ಏರಿಸಿದ್ದೇವೆ. ಈ ಭೇದ ಎಷ್ಟರ ಮಟ್ಟಿಗೆ ಸಲ್ಲುವಂಥದು ಎಂಬ ಪ್ರಶ್ನೆಗೆ ವಾಸುದೇವ್ ಅವರ ಬದುಕಿನಲ್ಲಿ ಒಂದು ಉತ್ತರವಿದೆ.

ಅವರು ಹುಟ್ಟಿದ್ದು 1941ರಲ್ಲಿ, ಮೈಸೂರಿನಲ್ಲಿ. ಕಲಾಶಿಕ್ಷಣಕ್ಕಾಗಿ ಮದರಾಸಿನ ಸರಕಾರಿ ಕಲಾಶಾಲೆಯನ್ನು ಸೇರಿದರು. ಅಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಅವರಂಥ ಗುರುಗಳು ದೊರೆತರು. ಪಶ್ಚಿಮದ ಅನುಕರಣೆಯಲ್ಲಿಯೇ ತೃಪ್ತರಾಗದೆ ನಮ್ಮ ನೆಲದ ರೂಪಗಳಿಂದ ಹೊಸ ಚಿತ್ರಭಾಷೆಯನ್ನು ಕಂಡುಕೊಳ್ಳಬೇಕೆಂಬುದು ಪಣಿಕ್ಕರ್ ಅವರ ಹಂಬಲ. ಆದರೆ ಓದು ಮುಗಿಸಿದ ತರುಣರ ಮುಂದೆ ನಿಂತ ಮೊದಲ ಪ್ರಶ್ನೆ ಚಿತ್ರಭಾಷೆಯದಲ್ಲ, ಹೊಟ್ಟೆಯದು. ಚಿತ್ರ ಕೊಳ್ಳುವವರು ಆಗ ವಿರಳ. ನೌಕರಿ ಹಿಡಿದರೆ ಕುಂಚ ಕೈಬಿಡುತ್ತದೆ. ಕುಂಚವನ್ನೇ ಹಿಡಿದರೆ ಒಲೆ ಉರಿಯುವುದಿಲ್ಲ.

ಈ ಇಕ್ಕಟ್ಟಿನಿಂದ ಹುಟ್ಟಿದ್ದು ಚೋಳಮಂಡಲ ಕಲಾಗ್ರಾಮ. 1966ರಲ್ಲಿ, ಪಣಿಕ್ಕರ್ ಅವರ ಮುಂದಾಳುತನದಲ್ಲಿ, ಮದರಾಸಿನ ದಕ್ಷಿಣಕ್ಕೆ ಇಂಜಂಬಾಕ್ಕಂ ಎಂಬಲ್ಲಿ ಕಡಲ ಸಮೀಪದಲ್ಲಿ ಅದು ತಲೆಯೆತ್ತಿತು. ಸ್ಥಾಪಕ ಸದಸ್ಯರಲ್ಲಿ ವಾಸುದೇವ್ ಒಬ್ಬರು. ಕಲಾವಿದರು ತಾವೇ ಬಾಟಿಕ್ ಮೊದಲಾದ ಕೈಗೆಲಸದ ವಸ್ತುಗಳನ್ನು ಮಾಡಿ ಮಾರಿದರು. ಆ ಹಣದ ಬಲದಿಂದ ನೆಲ ಕೊಂಡರು, ಮನೆ ಕಟ್ಟಿದರು. ದಿನದ ಒಂದು ಪಾಲು ಕಸುಬಿಗೆ, ಉಳಿದುದು ಚಿತ್ರಕ್ಕೆ ಎಂಬುದು ಅವರ ಒಪ್ಪಂದ. ಕಸುಬು ಅನ್ನವನ್ನು ಕೊಟ್ಟಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದು ಕಣ್ಣನ್ನೂ ಕೊಟ್ಟಿತು ಎಂಬುದು ನನ್ನ ಅಭಿಪ್ರಾಯ.

ಬಾಟಿಕ್ಕನ್ನೇ ನೋಡಿರಿ. ಬಟ್ಟೆಯ ಮೇಲೆ ಕರಗಿದ ಮೇಣದಿಂದ ಬರೆದು, ಬಣ್ಣದಲ್ಲಿ ಅದ್ದುವ ಕ್ರಮವದು. ಮೇಣವಿದ್ದಲ್ಲಿ ಬಣ್ಣ ಹತ್ತುವುದಿಲ್ಲ. ತಿಳಿಯಾದ ಬಣ್ಣದಿಂದ ಆರಂಭಿಸಿ ಗಾಢವಾದುದರ ಕಡೆಗೆ ಸಾಗಬೇಕು, ಹಿಂದಿರುಗುವ ದಾರಿಯಿಲ್ಲ. ಕುಂಚ ಹಿಡಿದವನು ಬಣ್ಣ ಎಲ್ಲಿ ಬರಬೇಕೆಂದು ಯೋಚಿಸಿದರೆ, ಮೇಣ ಹಿಡಿದವನು ಬಣ್ಣ ಎಲ್ಲಿ ಬರಬಾರದೆಂಬುದನ್ನು ಮೊದಲು ನಿಶ್ಚಯಿಸಬೇಕು. ಮೇಣ ಬಿರಿದಲ್ಲಿ ಬಣ್ಣ ಒಳನುಗ್ಗಿ ಎಲೆಯ ನರಗಳಂಥ ಗೆರೆಗಳು ಮೂಡುತ್ತವೆ. ಅವನ್ನು ಬರೆದವನು ಕಲಾವಿದನಲ್ಲ, ಆ ಸಾಮಗ್ರಿ.

ತಾಮ್ರದ ಪಾಠ ಬೇರೆ. ವಾಸುದೇವ್ ಅವರು ತಾಮ್ರದ ತಗಡಿನಲ್ಲಿ ಉಬ್ಬುಚಿತ್ರಗಳನ್ನು ರಚಿಸಿದರು. ತಗಡನ್ನು ಹಿಂದಿನಿಂದ ಬಡಿದರೆ ಮುಂದೆ ರೂಪ ಉಬ್ಬುತ್ತದೆ. ಬಡಿದಷ್ಟೂ ತಾಮ್ರ ಬಿರುಸಾಗುತ್ತದೆ. ಬೆಂಕಿಗೆ ಹಿಡಿದು ಮೆತ್ತಗಾಗಿಸಿ ಮತ್ತೆ ಬಡಿಯಬೇಕು. ಇದು ನಮ್ಮ ಕಂಚುಗಾರರು ಹಂಡೆ, ಕೊಡ ಮಾಡುವಾಗ ತಲೆತಲಾಂತರದಿಂದ ಬಲ್ಲ ವಿದ್ಯೆ. ಇನ್ನು ಅದರ ಬಣ್ಣ. ಹುಣಸೆಹಣ್ಣಿನಿಂದ ತಿಕ್ಕಿದ ತಂಬಿಗೆ ಹೊಳೆಯುವ ಕೆಂಪು ನಮಗೆಲ್ಲ ಗೊತ್ತು. ತಿಕ್ಕದೆ ಬಿಟ್ಟರೆ ಕಂದು, ಆಮೇಲೆ ಹಸಿರು. ಗೃಹಿಣಿಗೆ ಆ ಹಸಿರು ಕಿಲುಬು. ಉಬ್ಬುಚಿತ್ರ ಮಾಡುವವನಿಗೆ ಅದು ಬಣ್ಣ. ಹಸಿರನ್ನು ಬಳಿಯದೆ ಲೋಹದೊಳಗಿಂದಲೇ ಪಡೆಯಬಹುದು ಎಂದು ತಿಳಿದವನಿಗೆ ಎಲೆಯ ಹಸಿರೂ ಬೇರೆಯಾಗಿ ಕಾಣದಿರದು.

ಇಷ್ಟೆಲ್ಲ ಸಾಮಗ್ರಿಗಳಲ್ಲಿ ಅವರು ಅರಸಿದ್ದು ಏನನ್ನು? ಬಹಳ ಮಟ್ಟಿಗೆ ಒಂದು ಮರವನ್ನು. ‘ವೃಕ್ಷ’ವೆಂಬ ಅವರ ಚಿತ್ರಮಾಲಿಕೆ ಪ್ರಸಿದ್ಧವಾದುದು. ಅದಕ್ಕೆ ಪ್ರೇರಣೆಯಾದವುಗಳಲ್ಲಿ ನಮ್ಮ ಧಾರವಾಡದ ಬೇಂದ್ರೆಯವರ ಕಾವ್ಯದ ಕಲ್ಪವೃಕ್ಷವೂ ಒಂದು ಎಂಬುದು ಸಾಹಿತ್ಯಪ್ರಿಯರಿಗೆ ಸಂತೋಷದ ಸಂಗತಿ. ಇದು ಹೊಲದ ಬದುವಿನ ಬೇವಲ್ಲ, ಮಾವಲ್ಲ; ಕೊಂಬೆ ಎಲೆಗಳ ನಡುವೆ ಹಕ್ಕಿಗಳೂ ಮನುಷ್ಯಾಕೃತಿಗಳೂ ನೆಲೆಸಿರುವ ಜೀವವೃಕ್ಷ. ಸಾಹಿತ್ಯದೊಡನೆ ಅವರ ನಂಟು ಇಲ್ಲಿಗೇ ನಿಲ್ಲಲಿಲ್ಲ. 1970ರ ‘ಸಂಸ್ಕಾರ’ ಚಲನಚಿತ್ರಕ್ಕೆ ಕಲಾನಿರ್ದೇಶಕರಾಗಿ ದುಡಿದವರು ಅವರೇ, ಎ. ಕೆ. ರಾಮಾನುಜನ್ ಅವರ ಕವಿತೆಗಳಿಗೆ ರೇಖೆಗಳಲ್ಲಿ ಸ್ಪಂದಿಸಿದವರೂ ಅವರೇ.

ತೈಲಚಿತ್ರದಲ್ಲಿ ಅವರು ಬಣ್ಣವನ್ನು ಪದರುಪದರಾಗಿ ಹಚ್ಚಿ, ಮೇಲಿನದನ್ನು ಅಲ್ಲಲ್ಲಿ ಕೆರೆದು, ಒಳಗಿನದನ್ನು ಹೊರಗೆ ತರುತ್ತಾರೆ. ನಮ್ಮ ರೈತನು ನೇಗಿಲು ಹೂಡಿದಾಗ ಮೇಲಿನ ಒಣಮಣ್ಣು ಮಗುಚಿ ಒಳಗಿನ ಹಸಿಮಣ್ಣು ಕಾಣುವುದಿಲ್ಲವೇ, ಹಾಗೆ. ಆದ್ದರಿಂದಲೇ ಅವರ ಕಂದು, ಹಸಿರು, ನೀಲಿಗಳು ಬಳಿದವುಗಳಂತೆ ತೋರದೆ ನೆಲದಿಂದ ಎದ್ದುಬಂದವುಗಳಂತೆ ತೋರುತ್ತವೆ.

ಮೂರನೆಯದು ರೇಷ್ಮೆ. ನೇಕಾರ ಸುಬ್ಬರಾಯುಲು ಅವರೊಡಗೂಡಿ ವಾಸುದೇವ್ ರೇಷ್ಮೆಯ ಚಿತ್ರಕಂಬಳಿಗಳನ್ನು ರೂಪಿಸಿದರು. ಮಗ್ಗದಲ್ಲಿ ಹಾಸು ನಿಂತಿರುತ್ತದೆ. ಚಿತ್ರವನ್ನು ಕಟ್ಟುವುದು ಹೊಕ್ಕು. ಕುಂಚ ಒಂದು ಬೀಸಿನಲ್ಲಿ ಎಳೆಯುವ ಬಾಗನ್ನು ನೇಕಾರ ಎಳೆಯೆಳೆಯಾಗಿ ಮೆಟ್ಟಿಲು ಹತ್ತಿದಂತೆ ಏರಬೇಕು. ನೀಲಿಯನ್ನೂ ಹಳದಿಯನ್ನೂ ತಟ್ಟೆಯಲ್ಲಿ ಕಲಸಿದಂತೆ ಇಲ್ಲಿ ಕಲಸಲಾಗದು. ಎರಡು ಎಳೆಗಳು ಅಕ್ಕಪಕ್ಕದಲ್ಲಿ ಕುಳಿತು ನೋಡುವವನ ಕಣ್ಣಿನಲ್ಲಿ ಕೂಡಬೇಕು. ಚಿತ್ರಕಾರನ ಮನಸ್ಸಿನ ಬಣ್ಣಕ್ಕೆ ಸರಿಯಾದ ಎಳೆ ಯಾವುದೆಂದು ನೇಕಾರನೂ ಯೋಚಿಸಬೇಕಾಗುತ್ತದೆ. ಆಗ ಅವನು ಬರಿಯ ಕೈಯಾಗಿ ಉಳಿಯದೆ ಕೃತಿಯ ಪಾಲುದಾರನಾಗುತ್ತಾನೆ. ಕಲೆ, ಕಸುಬು ಎಂಬ ಗೋಡೆ ಇಲ್ಲಿ ತಾನಾಗಿ ಕುಸಿಯುತ್ತದೆ.

ಬಾಳು ಅವರಿಗೆ ಪೆಟ್ಟುಗಳನ್ನೂ ಕೊಟ್ಟಿತು. 1988ರಲ್ಲಿ ಪತ್ನಿ ಅರ್ನವಾಜ್ ತೀರಿಕೊಂಡರು, ಅವರೂ ಕಲಾವಿದೆಯಾಗಿದ್ದರು. ಅದೇ ವರ್ಷ ವಾಸುದೇವ್ ಬೆಂಗಳೂರಿಗೆ ಬಂದು ನೆಲೆಸಿದರು. ಆಮೇಲಿನ ಚಿತ್ರಗಳಲ್ಲಿ ನೆಲ ಮತ್ತು ಮನುಷ್ಯರ ಮುಖಗಳು ಒಂದರೊಳಗೊಂದು ಬೆರೆತವು. ಅರ್ನವಾಜ್ ಅವರ ಹೆಸರಿನ ದತ್ತಿಯಿಂದ ಕಲಾವಿದ್ಯಾರ್ಥಿಗಳಿಗೆ ನೆರವು ದೊರೆಯಿತು. ಒಲೆಯ ಚಿಂತೆಯನ್ನು ಸ್ವತಃ ಕಂಡವರಿಗೆ ಆ ನೆರವಿನ ಬೆಲೆ ಗೊತ್ತು.

ಕೇಳುಗರೇ, ನಿಸರ್ಗದಿಂದ ಸ್ಫೂರ್ತಿ ಪಡೆದ ಕಲಾವಿದ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬೆಟ್ಟ, ಮರ, ಮೋಡಗಳನ್ನು ನೋಡಿ ಬರೆಯುವುದಷ್ಟೇ ಅದಾಗಿದ್ದರೆ ಕ್ಯಾಮೆರಾ ಸಾಕಿತ್ತು. ಮೇಣ, ತಾಮ್ರ, ರೇಷ್ಮೆ ಇವೂ ನಿಸರ್ಗವೇ. ಅವುಗಳ ಸ್ವಭಾವಕ್ಕೆ ತಲೆಬಾಗಿ, ಅವು ಹೇಳಿದುದನ್ನು ಕೇಳಿ, ಮತ್ತೆ ಮರದ ಕಡೆಗೆ ತಿರುಗಿದಾಗ ಮರ ಹೊಸದಾಗಿ ಕಾಣುತ್ತದೆ. ಸಾಮಗ್ರಿಯನ್ನು ಬದಲಿಸುವುದು ಚಪಲವಲ್ಲ, ನೋಟವನ್ನು ತಿದ್ದಿಕೊಳ್ಳುವ ಸಾಧನೆ.

ಹೀಗಿರುವಾಗ ನಮ್ಮ ಊರುಗಳಿಂದ ಒಂದೊಂದು ಕಸುಬು ಕಾಲ್ತೆಗೆದಾಗಲೂ ನಾವು ಕಳೆದುಕೊಳ್ಳುವುದು ಬರಿಯ ವಸ್ತುವನ್ನಲ್ಲ. ಪೇಟೆಯ ಹೊದಿಕೆ ಚಳಿಯನ್ನು ತಡೆದೀತು. ಆದರೆ ಬಣ್ಣವನ್ನು ಕಾಣುವ ಒಂದು ಕ್ರಮ ಕೌದಿಯೊಡನೆ ಹೊರಟುಹೋಗುತ್ತದೆ. ವಾಸುದೇವ್ ಅವರಂಥವರ ಕೃತಿಗಳನ್ನು ನೋಡುವ ಅವಕಾಶ ದೊರೆತರೆ ಅವಶ್ಯವಾಗಿ ನೋಡಿರಿ. ಹಾಗೆಯೇ ನಿಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಹಿರಿಯರಿದ್ದರೆ, ಈ ತುಂಡನ್ನು ಇಲ್ಲಿಯೇ ಏಕೆ ಇಟ್ಟಿರಿ ಎಂದು ಒಮ್ಮೆ ಕೇಳಿರಿ. ಕಲೆಯನ್ನು ಕುರಿತು ದೊಡ್ಡ ಗ್ರಂಥಗಳು ಹೇಳದ ಒಂದು ಮಾತು ಅಲ್ಲಿ ನಿಮಗೆ ದೊರೆತೀತು.