ಹಳೆಯ ಗಣಕಯಂತ್ರದಲ್ಲಿ ಕನ್ನಡ ಬರವಣಿಗೆ

ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಗಣಕಯಂತ್ರವೊಂದು ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿರುವುದುಂಟು. ಮಕ್ಕಳಿಗೆ ಅದು ಬೇಡ. ಹಿರಿಯರಿಗೆ ಅದನ್ನು ಬಿಸಾಡಲು ಮನಸ್ಸಿಲ್ಲ. ಅಂಥ ಯಂತ್ರದಿಂದ ಇನ್ನು ಪ್ರಯೋಜನವುಂಟೆ, ಅದರೊಳಗೆ ಕನ್ನಡದಲ್ಲಿ ಬರೆದಿಟ್ಟದ್ದರ ಗತಿಯೇನು ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಉಪದೇಶಕ್ಕಿಂತ ಉದಾಹರಣೆಯು ಮೇಲಾದುದರಿಂದ, ಈಚೆಗೆ ನಿಡಘಟ್ಟದ ಒಂದು ಮನೆಯಲ್ಲಿ ನಾವು ಕೈಯಾರೆ ಮಾಡಿದ ಕೆಲಸವನ್ನೇ ಇಲ್ಲಿ ನಿವೇದಿಸುತ್ತೇವೆ.

ನಿಡಘಟ್ಟವು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಗ್ರಾಮ. ಚನ್ನಪಟ್ಟಣವನ್ನು ದಾಟಿ ಮದ್ದೂರಿನ ಕಡೆಗೆ ಬರುವವರಿಗೆ ಜಿಲ್ಲೆಯ ಹೊಸ್ತಿಲಿನಂತಿರುವ ಊರು. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಅಗಲಮಾಡುವಾಗ ಕೆಲಸವನ್ನು ಈ ಊರಿನಲ್ಲಿಯೇ ಎರಡು ಪಾಲು ಮಾಡಿದರು: ಬೆಂಗಳೂರಿನಿಂದ ನಿಡಘಟ್ಟದವರೆಗೆ 56 ಕಿಲೋಮೀಟರು, ಅಲ್ಲಿಂದ ಮೈಸೂರಿನವರೆಗೆ 61 ಕಿಲೋಮೀಟರು. 2023ನೆಯ ಇಸವಿ ಮಾರ್ಚಿ 12ರಂದು ಆ ರಸ್ತೆಯ ಉದ್ಘಾಟನೆಯಾಯಿತು. ಈಗ ವಾಹನಗಳು ಊರಿನ ಹೆಸರನ್ನು ಓದುವಷ್ಟರಲ್ಲಿ ಊರನ್ನು ದಾಟಿರುತ್ತವೆ. ನಾವು ಪಕ್ಕದ ಸರ್ವಿಸ್ ರಸ್ತೆಗೆ ಇಳಿದು, ವಿಶ್ರಾಂತರಾದ ಉಪಾಧ್ಯಾಯ ಮಿತ್ರರೊಬ್ಬರ ಮನೆಯನ್ನು ಸೇರಿದೆವು.

ಈ ಮಿತ್ರರ ತಾಯಿಯವರು ರಾಗಿ ಬೀಸುವ ಪದ, ಸೋಬಾನೆ ಪದಗಳನ್ನು ಬಹಳವಾಗಿ ಬಲ್ಲವರಾಗಿದ್ದರು. ಅವರು ಹಾಡಿದ್ದನ್ನೆಲ್ಲ ಮಗನು ಮೊದಲು ನೋಟುಪುಸ್ತಕಗಳಲ್ಲಿ ಬರೆದುಕೊಂಡು, ಅನಂತರ ಬಿಡುವಾದಾಗಲೆಲ್ಲ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿದರು. ತಾಯಿ ತೀರಿಕೊಂಡರು. ನೋಟುಪುಸ್ತಕಗಳನ್ನು ಗೆದ್ದಲು ತಿಂದಿತು. ಉಳಿದದ್ದು ಯಂತ್ರದಲ್ಲಿದ್ದ ಪ್ರತಿಯೊಂದೇ. ಮೊಮ್ಮಗಳು ಆ ಕಡತಗಳನ್ನು ತನ್ನ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಒಂದು ಕನ್ನಡ ಅಕ್ಷರವೂ ಕಾಣಲಿಲ್ಲ. ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಬೆರೆತು ಸಾಲುಸಾಲಾಗಿ ನಿಂತಿದ್ದವು. ಪೇಟೆಯ ಒಂದು ಅಂಗಡಿಯವರು, ‘ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಎಲ್ಲವನ್ನೂ ಹಾಕೋಣ’ ಎಂದಿದ್ದರಂತೆ. ಮಿತ್ರರು ಒಪ್ಪಲಿಲ್ಲ. “ನಮ್ಮವ್ವ ಹಾಡಿದ್ದು ಸ್ವಾಮಿ. ಇನ್ನೊಂದು ಸಲ ಕೇಳಿ ಬರಕೊಳ್ಳೋಣ ಅಂದ್ರೆ ಅವಳಿಲ್ಲ” ಎಂದು ನಮ್ಮೊಡನೆ ಹೇಳಿದರು.

ಅಕ್ಷರಗಳು ಕೆಟ್ಟುಹೋಗಿರಲಿಲ್ಲ, ಅವುಗಳ ಸಂಕೇತವು ಹಳೆಯದಾಗಿತ್ತು. ಇದನ್ನು ವಾಚಕರು ಸ್ವಲ್ಪ ಗಮನವಿಟ್ಟು ತಿಳಿಯಬೇಕು. ಗಣಕಯಂತ್ರವು ಅಕ್ಷರವನ್ನರಿಯದು, ಸಂಖ್ಯೆಯನ್ನು ಮಾತ್ರ ಅರಿಯುವುದು. ಹಿಂದೆ ಒಂದು ಬೈಟಿನಲ್ಲಿ ಅಡಗುವ 256 ಸಂಖ್ಯೆಗಳೊಳಗೇ ಎಲ್ಲವೂ ನಡೆಯಬೇಕಾಗಿದ್ದು, ಅವು ರೋಮನ್ ಲಿಪಿಗೂ ಅದರ ಚಿಹ್ನೆಗಳಿಗೂ ಸಂದಿದ್ದವು. ಕನ್ನಡದ ಫಾಂಟುಗಳನ್ನು ಮಾಡಿದವರು ಅವೇ ಸಂಖ್ಯೆಗಳ ಮೇಲೆ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಆಕಾರಗಳನ್ನು ಕೂರಿಸಿದರು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ ಸರಿ. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವುಗಳಿಂದಲೇ ಸಾವಿರಾರು ಜನರು ಯಂತ್ರದಲ್ಲಿ ಕನ್ನಡ ಬರೆಯಲು ಕಲಿತರು. ಆದರೆ ಹಾಗೆ ಬರೆದದ್ದು ಯಂತ್ರದ ಲೆಕ್ಕದಲ್ಲಿ ಕನ್ನಡವಲ್ಲ, ಕನ್ನಡದ ವೇಷ ತೊಟ್ಟ ರೋಮನ್. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷವು ಕಳಚುವುದು.

ಯೂನಿಕೋಡ್ ಎಂಬ ಜಾಗತಿಕ ಸಂಕೇತವು 1991ರ ತನ್ನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯನ್ನು ಬೇರೆಯಾಗಿ ಕೊಟ್ಟಿತು. ಅದರಲ್ಲಿ ‘ಕ’ ಎಂದರೆ ಜಗತ್ತಿನ ಎಲ್ಲ ಯಂತ್ರಗಳಿಗೂ ‘ಕ’ವೇ. ಯು.ಟಿ.ಎಫ್. 8 ಎಂಬ ರೀತಿಯಲ್ಲಿ ಶೇಖರಿಸಿದರೆ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು ಹಿಡಿಯುತ್ತವೆ. ‘ಕನ್ನಡ’ ಎಂಬ ಮಾತಿನಲ್ಲಿ ವಿರಾಮ ಚಿಹ್ನೆಯೂ ಸೇರಿ ಐದು ಚಿಹ್ನೆಗಳಿರುವುದರಿಂದ ಅದಕ್ಕೆ 15 ಬೈಟುಗಳು. ಆದಕಾರಣ ನಮಗೆ ಬೇಕಾಗಿದ್ದದ್ದು ಎರಡು: ಹಳೆಯ ಹಾಡುಗಳು ಯೂನಿಕೋಡಿಗೆ ಬರಬೇಕು, ಕೈಗೆ ಪಳಗಿದ ಆ ಹಳೆಯ ಯಂತ್ರದಲ್ಲಿಯೇ ಮಿತ್ರರು ಇನ್ನು ಮುಂದೆ ಯೂನಿಕೋಡಿನಲ್ಲಿ ತಿದ್ದುವಂತೆಯೂ ಬರೆಯುವಂತೆಯೂ ಆಗಬೇಕು. ಎರಡನೆಯದಕ್ಕೆ ಟೆಕ್ಸ್ಟ್ ಎಡಿಟರ್ ಎಂಬ ಸರಳವಾದ ಬರವಣಿಗೆಯ ಸಾಧನವು ಸಾಕು.

ಯಂತ್ರವು ವಿಂಡೋಸ್ ಎಕ್ಸ್‌ಪಿ ಕಾಲದ್ದು. 2001ರಲ್ಲಿ ಬಂದ ಆ ವ್ಯವಸ್ಥೆಗೆ ಅದರ ತಯಾರಕರ ಬೆಂಬಲವು 2014ನೆಯ ಏಪ್ರಿಲ್ 8ಕ್ಕೆ ಮುಗಿಯಿತು. ಇಂಥ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸತಕ್ಕದ್ದಲ್ಲ. ಆದಕಾರಣ ಬೇಕಾದದ್ದನ್ನೆಲ್ಲ ಹೊಸ ಯಂತ್ರದಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನ ಮೂಲಕ ಒಯ್ಯುವುದೆಂದು ನಿಶ್ಚಯಿಸಿದೆವು.

ಎಲ್ಲಕ್ಕೂ ಮೊದಲು ಹಾಡಿನ ಕಡತಗಳನ್ನು ಎರಡು ಬೇರೆ ಬೇರೆ ಪೆನ್‌ಡ್ರೈವುಗಳಿಗೆ ಪ್ರತಿಮಾಡಿ, ಒಂದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದೆವು. ಇದಾಗುವ ತನಕ ಬೇರಾವುದನ್ನೂ ಮುಟ್ಟಲಿಲ್ಲ. ಯಂತ್ರದ ದಿನಾಂಕವು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಒಳಗಿನ ಗುಂಡಿಯಂಥ ಮೂರು ವೋಲ್ಟಿನ ಬ್ಯಾಟರಿ ಸತ್ತಿದ್ದುದೇ ಅದಕ್ಕೆ ಕಾರಣ. ಕೈಗಡಿಯಾರದ ಅಂಗಡಿಯಲ್ಲಿ ಸಿಕ್ಕುವ ಹೊಸದೊಂದನ್ನು ಹಾಕಿ ದಿನಾಂಕವನ್ನು ಸರಿಮಾಡಿದೆವು.

ಎಡಿಟರುಗಳಲ್ಲಿ ನಾವು ಆರಿಸಿದ್ದು 2003ರಲ್ಲಿ ಡಾನ್ ಹೋ ಎಂಬವರು ಆರಂಭಿಸಿದ, ಬೆಲೆಯಿಲ್ಲದೆ ದೊರೆಯುವ ‘ನೋಟ್‌ಪ್ಯಾಡ್ ಪ್ಲಸ್ ಪ್ಲಸ್’. ಅದರ ಇತ್ತೀಚಿನ ಆವೃತ್ತಿಗಳು ಎಕ್ಸ್‌ಪಿಯಲ್ಲಿ ನಡೆಯವು, 7.9.2 ಎಂಬ ಸಂಖ್ಯೆಯದು ನಡೆಯುವುದು. ಅದನ್ನು ಅದರ ಮೂಲಸ್ಥಾನದಿಂದಲೇ ಇಳಿಸಿಕೊಂಡು, ಅಲ್ಲಿ ಪ್ರಕಟಿಸಿರುವ 64 ಅಂಕೆ-ಅಕ್ಷರಗಳ ಪರೀಕ್ಷಾಮುದ್ರೆಯೊಡನೆ ತಾಳೆನೋಡಿದೆವು. ಮುದ್ರೆಯಲ್ಲಿ ಒಂದು ಅಕ್ಷರ ಬೇರೆಯಾದರೂ ಕಡತವು ದಾರಿಯಲ್ಲಿ ಕೆಟ್ಟಿದೆಯೆಂದೋ ಯಾರೋ ಕೈಹಾಕಿದ್ದಾರೆಂದೋ ತಿಳಿಯಬೇಕು. ಸ್ಥಾಪಿಸುವ ಕೆಲಸವು ಎರಡು ನಿಮಿಷದ್ದು.

ಆದರೆ ಕನ್ನಡವನ್ನು ತೆರೆದಾಗ ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡವು. ತಪ್ಪು ಎಡಿಟರಿನದಲ್ಲ. ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಉಂಟಾದರೂ, ಒತ್ತಕ್ಷರವುಳ್ಳ ಭಾರತೀಯ ಲಿಪಿಗಳ ಬೆಂಬಲವನ್ನು ಕಂಟ್ರೋಲ್ ಪ್ಯಾನೆಲಿನ ಭಾಷಾ ವಿಭಾಗದಲ್ಲಿ ಗುರುತುಮಾಡಿ ಬೇರೆಯಾಗಿ ಸೇರಿಸಬೇಕು; ಅದಕ್ಕೆ ಮೂಲ ಸಿ.ಡಿ.ಯನ್ನು ಕೇಳುವುದು. ಮಿತ್ರರು ಅದನ್ನು ಯಂತ್ರದ ರಶೀತಿಯೊಡನೆ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದರು. ಸಿ.ಡಿ. ಹಾಕಿ ಯಂತ್ರವನ್ನು ಮತ್ತೆ ನಡೆಸಿದ ಮೇಲೆ ಚೌಕಗಳು ಹೋಗಿ ಕನ್ನಡವು ಕಾಣಿಸಿಕೊಂಡಿತು. ಮಿತ್ರರು ಮಾತನಾಡಲಿಲ್ಲ; ಕನ್ನಡಕವನ್ನು ಒರೆಸಿಕೊಂಡರು.

ಹಾಡುಗಳನ್ನು ಯೂನಿಕೋಡಿಗೆ ತಿರುಗಿಸಲು ‘ನುಡಿ’ಯ ಅನಂತರದ ಆವೃತ್ತಿಗಳಲ್ಲಿಯೇ ಪರಿವರ್ತಕವುಂಟು. ಮೊಮ್ಮಗಳು ಹೊಸ ಲ್ಯಾಪ್‌ಟಾಪಿನಲ್ಲಿ ಆ ಕೆಲಸವನ್ನು ಮುಗಿಸಿ ತಂದಳು. ಇಲ್ಲೊಂದು ಅನರ್ಥವೂ ನಡೆಯಿತು. ಒಂದು ಹಾಡನ್ನು ಅವಳು ಆತುರದಲ್ಲಿ ಹೊಸ ಎಡಿಟರಿಗೆ ಬದಲು ಎಕ್ಸ್‌ಪಿಯದೇ ಆದ ಹಳೆಯ ನೋಟ್‌ಪ್ಯಾಡಿನಲ್ಲಿ ತೆರೆದು, ಎಚ್ಚರಿಕೆಯ ಮಾತನ್ನು ಓದದೆ ಗುಂಡಿಯೊತ್ತಿ ಉಳಿಸಿದಳು. ಮತ್ತೆ ತೆರೆದಾಗ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು! ಆ ಸಾಧನವು ತಾನಾಗಿ ಆರಿಸುವ ‘ಆನ್ಸಿ’ ಎಂಬ ಹಳೆಯ ರೀತಿಯಲ್ಲಿ ಕನ್ನಡಕ್ಕೆ ಸ್ಥಳವಿಲ್ಲ; ಸ್ಥಳವಿಲ್ಲದ್ದಕ್ಕೆಲ್ಲ ಪ್ರಶ್ನೆಯ ಗುರುತನ್ನಿಡುವುದು. ಹಾಗೆ ಹೋದದ್ದು ಮರಳಿ ಬಾರದು. “ತಾತ, ಅಜ್ಜಮ್ಮನ ಹಾಡು ಹೋಯಿತು” ಎಂದು ಹುಡುಗಿ ಅಳುಮೊರೆಯಾದಳು. ಬೀರುವಿನಲ್ಲಿದ್ದ ಪ್ರತಿಯು ಅವಳ ಕಣ್ಣೀರನ್ನು ಒರೆಸಿತು. ಅಂದಿನಿಂದ ಎಡಿಟರಿನ ‘ಎನ್‌ಕೋಡಿಂಗ್’ ಪಟ್ಟಿಯಲ್ಲಿ ಯು.ಟಿ.ಎಫ್. 8 ಎಂದಿದೆಯೇ ಎಂದು ನೋಡದೆ ಅವಳು ಯಾವುದನ್ನೂ ಉಳಿಸುವುದಿಲ್ಲ.

ಪರಿವರ್ತಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತಿನ ಆಕಾರವು ‘ಯ’ಕಾರದ ಮುಂದೆ ಕಾಣುತ್ತದೆ, ಹಳೆಯ ಫಾಂಟುಗಳಲ್ಲಿ ಶೇಖರವಾದ ಕ್ರಮವೂ ಹಾಗೆಯೇ. ಯೂನಿಕೋಡಿನಲ್ಲಾದರೋ ಉಚ್ಚಾರದಂತೆ ‘ರ್’ ಮೊದಲು, ‘ಯ’ ಆಮೇಲೆ. ಪರಿವರ್ತಕವು ಈ ಸ್ಥಾನಪಲ್ಲಟವನ್ನು ಮಾಡಬೇಕಾದುದರಿಂದ ಅಲ್ಲಲ್ಲಿ ಎಡವುವುದು ಸಹಜ. ಅದಕ್ಕಾಗಿ ಸಂಜೆಯ ಹೊತ್ತು ತಾತನು ಹಾಡನ್ನು ನೆನಪಿನಿಂದ ಹೇಳುವುದು, ಮೊಮ್ಮಗಳು ಪರದೆಯನ್ನು ನೋಡಿ ತಪ್ಪು ಹಿಡಿಯುವುದು ಎಂದು ಏರ್ಪಾಡಾಯಿತು. ನಾವಲ್ಲಿದ್ದ ಸಂಜೆ ನಾಲ್ಕು ಹಾಡುಗಳು ಮುಗಿದವು. ಮೂರನೆಯದರ ನಡುವೆ ತಾತನಿಗೆ ಒಂದು ಸಾಲು ನೆನಪಾಗದಿರಲು ಮೊಮ್ಮಗಳೇ ಪರದೆಯನ್ನು ನೋಡಿ ಎತ್ತಿಕೊಟ್ಟಳು. ಅವರು ಮುಂದಿನದನ್ನು ಹೇಳತೊಡಗಿದರು.

ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯ ಹಳೆಯ ಯಂತ್ರದಲ್ಲಿಯೂ ಹಿರಿಯರ ಕಾಗದಗಳು, ವಂಶಾವಳಿ, ಅಡುಗೆಯ ಟಿಪ್ಪಣಿ, ಹಾಡು ಏನಾದರೂ ಇದ್ದೀತು. ಯಂತ್ರವನ್ನು ಗುಜರಿಯವರಿಗೆ ಕೊಡುವ ಮುನ್ನ ಒಮ್ಮೆ ತೆರೆದು ನೋಡಿರಿ. ಮೊದಲು ಪ್ರತಿಮಾಡಿರಿ, ಆಮೇಲೆ ಪರಿವರ್ತಿಸಿರಿ, ಕಡೆಗೆ ಬರೆದವರೋ ಬಲ್ಲವರೋ ಬದುಕಿರುವಾಗಲೇ ಅವರೆದುರು ಓದಿ ತಿದ್ದಿರಿ. ಮೊದಲಿನ ಎರಡು ಕೆಲಸಗಳನ್ನು ಮುಂದೆ ಯಾರಾದರೂ ಮಾಡಿಯಾರು. ಮೂರನೆಯದಕ್ಕೆ ಮಾತ್ರ ಕಾಲವು ನಮಗಾಗಿ ಕಾಯುವುದಿಲ್ಲ.